ಮದುವೆಗೆ 50, ಅಂತ್ಯಕ್ರಿಯೆಗೆ 20, ದೂರು ಹೇಳೋದಕ್ಕೆ ಎಷ್ಟು?

2020ರ ಮೇ 19, ಮಂಗಳವಾರ. ಕೊರೊನಾ ಲಾಕ್‌ಡೌನ್‌ನ ದಿನಗಳು. ಬೆಳಿಗ್ಗೆ ಹತ್ತು ಗಂಟೆ. ಮುಂಬೈನ ಪೂರ್ವ ಉಪನಗರದಲ್ಲಿ ಎಲ್‌ಬಿಎಸ್ ರಸ್ತೆಯಿಂದ ಸ್ವಲ್ಪ ಒಳಗೆ ಇರುವ ಒಂದು ಮೈದಾನ. ಅಲ್ಲಿ ಸುಮಾರು 70 ಜನ ನಿಂತಿದ್ದರು. ಎಲ್ಲರೂ ನಮ್ಮ ಕಡೆಯವರು. ಕುಂದಾಪುರ, ಬೈಂದೂರು, ಹೆಬ್ರಿ, ಕಾರ್ಕಳದಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು. ಯಾರೂ ಕೂಗುತ್ತಿರಲಿಲ್ಲ, ಯಾರ ಕೈಯಲ್ಲೂ ಬೋರ್ಡು ಇರಲಿಲ್ಲ. ಒಬ್ಬನ ಕೈಯಲ್ಲಿ ಮಾತ್ರ ನಾಲ್ಕಾಗಿ ಮಡಚಿದ ಹಾಳೆ ಇತ್ತು.

ಆ ಮೈದಾನದಲ್ಲಿ ಆಗ ತರಕಾರಿ ಮಾರ್ಕೆಟ್ ನಡೆಯುತ್ತಿತ್ತು. ಬೀದಿಯಲ್ಲಿ ನೂಕುನುಗ್ಗಲು ಆಗಬಾರದು ಅಂತ ಅಂಗಡಿಗಳನ್ನು ಅಲ್ಲಿಗೆ ಕಳಿಸಿದ್ದರು. ಸಾಲಿನಲ್ಲಿ ನಿಲ್ಲುವವರಿಗೆ ಸುಣ್ಣದ ಪುಡಿಯಲ್ಲಿ ವೃತ್ತಗಳನ್ನು ಹಾಕಿದ್ದರು, ಒಂದರಿಂದ ಒಂದಕ್ಕೆ ಆರಡಿ ದೂರ. ಮಂಗಳವಾರ ಮಾರ್ಕೆಟ್‌ಗೆ ರಜೆ. ಈ ಹುಡುಗರು ಆ ಸುಣ್ಣದ ವೃತ್ತಗಳಲ್ಲೇ ನಿಂತಿದ್ದರು. ಒಬ್ಬೊಬ್ಬರಿಗೆ ಒಂದೊಂದು ವೃತ್ತ. ವೃತ್ತ ಸಾಲದವರು ಬೇಲಿಯ ಪಕ್ಕ ದೂರದೂರ ನಿಂತಿದ್ದರು. ಎಲ್ಲರ ಮುಖಕ್ಕೂ ಕರ್ಚೀಫು ಇಲ್ಲವೇ ಹೋಟೆಲಿನ ಟೇಬಲ್ ಒರೆಸುವ ಬಿಳಿ ಬಟ್ಟೆ.

ಹತ್ತು ನಿಮಿಷದಲ್ಲಿ ಪೊಲೀಸ್ ವ್ಯಾನ್ ಬಂತು.

ನಾನು ಅಲ್ಲಿದ್ದೆ. ನಮ್ಮ ಭಾಗದ ಕನ್ನಡಿಗರ ಒಂದು ಸಣ್ಣ ಸಂಘದಲ್ಲಿ ಅರ್ಜಿ ಬರೆದುಕೊಡುವ ಕೆಲಸ ನನ್ನದು. ಆವತ್ತು ನಡೆದದ್ದನ್ನು, ಅದರ ಹಿಂದೆಮುಂದೆ ಆದದ್ದನ್ನು ಪೂರ್ತಿ ಬರೆದಿಡಬೇಕು ಅನ್ನಿಸುತ್ತಲೇ ಇತ್ತು. ರೋಗದ ಕಾಲದಲ್ಲಿ ಜನ ಸೇರುವ ಹಕ್ಕು ಎಷ್ಟು, ಸರ್ಕಾರ ತಡೆಯಬಹುದಾದದ್ದು ಎಷ್ಟು ಅನ್ನುವ ಮಾತು ಕೋರ್ಟುಗಳಲ್ಲಿ ದೊಡ್ಡ ದೊಡ್ಡ ಹೆಸರುಗಳ ಜೊತೆ ಬರುತ್ತದೆ. ನನಗೆ ಅದು ಅರ್ಥವಾದದ್ದು ಈ 70 ಜನರಿಂದ.

ಅವರು ಯಾಕೆ ಬಂದರು

ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಹೋಟೆಲುಗಳ ಶಟರ್ ಎಳೆದದ್ದು, ಮತ್ತೆ ಮೇಲೆ ಹೋಗಲೇ ಇಲ್ಲ. ಲೋಕಲ್ ರೈಲೂ ನಿಂತಿತು. ಮುಂಬೈನ ನಮ್ಮ ಹೋಟೆಲುಗಳಲ್ಲಿ ಕೆಲಸದವರು ಮಲಗುವುದು ಸಾಮಾನ್ಯವಾಗಿ ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಹೋಟೆಲ್ ನಡೆಯುವಾಗ ಅದು ತೊಂದರೆ ಅನ್ನಿಸುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಇಳಿದರೆ ರಾತ್ರಿ ಹನ್ನೊಂದಕ್ಕೆ ಹತ್ತುವುದು. ಹೋಟೆಲ್ ಮುಚ್ಚಿದ ಮೇಲೆ ಅದೇ ಅಟ್ಟದಲ್ಲಿ ಇಡೀ ದಿನ.

ನಾನು ಅಕ್ಕಿ ಕೊಡಲು ಹೋದ ಒಂದು ಅಟ್ಟದಲ್ಲಿ 14 ಜನ ಇದ್ದರು. ನೆಟ್ಟಗೆ ನಿಂತರೆ ತಲೆ ತಗಡಿಗೆ ತಾಗುತ್ತಿತ್ತು. ಒಂದೇ ಕಿಟಕಿ, ಅದರಲ್ಲೂ ಎಗ್ಸಾಸ್ಟ್ ಫ್ಯಾನ್ ಕೂರಿಸಿದ್ದರು. ಒಬ್ಬರ ಕಾಲ ಹತ್ತಿರ ಇನ್ನೊಬ್ಬರ ತಲೆ ಬರುವ ಹಾಗೆ ಚಾಪೆ ಹಾಸಿದ್ದರು. ಎರಡು ತಿಂಗಳು ಹಾಗೆ ಕಳೆದಿದ್ದರು. ಧನಿಗಳು ಕೆಟ್ಟವರಲ್ಲ. ತಾವೇ ಬಾಡಿಗೆ ಕಟ್ಟಲಾಗದೆ ಒದ್ದಾಡುತ್ತಿದ್ದರೂ ಎರಡು ಹೊತ್ತು ಗಂಜಿಗೆ ಕಮ್ಮಿ ಮಾಡಿರಲಿಲ್ಲ.

ಏಪ್ರಿಲ್ 29ಕ್ಕೆ ಕೇಂದ್ರ ಸರ್ಕಾರ ಬೇರೆ ರಾಜ್ಯದಲ್ಲಿ ಸಿಕ್ಕಿಕೊಂಡವರು ಊರಿಗೆ ಹೋಗಬಹುದು ಅಂತ ಹೇಳಿತು. ಮೇ 1ಕ್ಕೆ ಶ್ರಮಿಕ್ ರೈಲು ಶುರುವಾಯಿತು. ಇವರೆಲ್ಲ ಹೆಸರು, ಆಧಾರ್ ನಂಬರ್, ಊರು ಬರೆದು ಠಾಣೆಯಲ್ಲಿ ಲಿಸ್ಟ್ ಕೊಟ್ಟರು. ಕರ್ನಾಟಕ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲೂ ಅರ್ಜಿ ಹಾಕಿದರು. ನಾನೇ ಎಷ್ಟೋ ಜನರದ್ದು ತುಂಬಿಕೊಟ್ಟೆ. ಎರಡು ವಾರ ಏನೂ ಬರಲಿಲ್ಲ. ಠಾಣೆಗೆ ಹೋದರೆ 'ನಾಳೆ ಬಾ'. ಫೋನ್ ಮಾಡಿದರೆ ಎಂಗೇಜ್. ನಾನು ಕಳಿಸಿದ ಮೇಲ್‌ಗಳಿಗೆ ಒಂದಕ್ಕೂ ಉತ್ತರ ಇಲ್ಲ.

ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಯಾರನ್ನೂ 31ರವರೆಗೆ ಒಳಗೆ ಬಿಡುವುದಿಲ್ಲ ಎಂದಿತು. ಮುಂಬೈಯಿಂದ ಹೋದವರಿಂದ ಮಂಡ್ಯ, ಉಡುಪಿಯಲ್ಲಿ ಕೇಸು ಏರುತ್ತಿದ್ದವು. ಅವರ ಹೆದರಿಕೆ ಸುಳ್ಳಲ್ಲ. ಆದರೆ ಅಟ್ಟದಲ್ಲಿದ್ದವರಿಗೆ ಆ ಸುದ್ದಿ ಹೇಗೆ ಕೇಳಿಸಿರಬೇಕು! ಇಲ್ಲಿ ಹೊರಗೆ ಬರಬೇಡ ಅಂತಾರೆ, ಊರಲ್ಲಿ ಒಳಗೆ ಬರಬೇಡ ಅಂತಾರೆ.

ರಾತ್ರಿ ಒಂಬತ್ತಕ್ಕೆ ಬೈಂದೂರಿನ ಹುಡುಗ ಫೋನ್ ಮಾಡಿದ. ಗಲ್ಲಾದಲ್ಲಿ ಕೂರುತ್ತಿದ್ದವನು, ಮಾತು ತಿಳಿದವನು.

"ಅಣ್ಣ, ನಾಳೆ ನಾವೆಲ್ಲ ಮೈದಾನಕ್ಕೆ ಬರ್ತೇವೆ."

"ಬೇಡ ಮಾರಾಯ. ಬಾಂದ್ರಾದಲ್ಲಿ ಏನಾಯ್ತು ಮರೆತ್ಯಾ?"

ಏಪ್ರಿಲ್ 14ರಂದು ಲಾಕ್‌ಡೌನ್ ಮೇ 3ರವರೆಗೆ ಮುಂದುವರಿಯುತ್ತದೆ ಅಂತ ಗೊತ್ತಾದ ದಿನ, ಬಾಂದ್ರಾ ಸ್ಟೇಷನ್ ಹೊರಗೆ ಸಾವಿರಾರು ಕೂಲಿಯವರು ಊರಿಗೆ ಕಳಿಸಿ ಅಂತ ಸೇರಿದ್ದರು. ಲಾಠಿ ಬಿತ್ತು, ಕೇಸು ಬಿತ್ತು. ಆಮೇಲೆ ಟಿವಿಯಲ್ಲಿ ದಿನಗಟ್ಟಲೆ ಅವರನ್ನೇ ಬೈದರು.

"ಒಬ್ಬ ಹೋದ್ರೆ ನಾಳೆ ಬಾ ಅಂತಾರೆ ಅಣ್ಣ. ಎಪ್ಪತ್ತು ಜನ ನಿಂತ್ರೆ ಸಾಹೇಬ್ರೇ ಬರ್ತಾರೆ. ಮತ್ತೆಂತ ಮಾಡುದು ನಾವು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೂರ ದೂರ ನಿಲ್ಲಿ, ಮುಖ ಮುಚ್ಚಿಕೊಳ್ಳಿ ಅಂದೆ ಅಷ್ಟೇ. ಸುಣ್ಣದ ವೃತ್ತದ ಯೋಚನೆ ಅವನದ್ದೇ.

ಮೈದಾನದಲ್ಲಿ

ವ್ಯಾನಿನಿಂದ ಇಳಿದ ಸಾಹೇಬರಿಗೆ ಐವತ್ತರ ಹತ್ತಿರ ವಯಸ್ಸು. ಮಾಸ್ಕ್ ಒಳಗಿನಿಂದಲೇ ಮರಾಠಿಯಲ್ಲಿ ಕೂಗಿದರು. ಜಮಾವಬಂದಿ ಇದೆ, ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಒಂದು ಕಡೆ ಸೇರುವಂತಿಲ್ಲ, ಎರಡು ನಿಮಿಷದಲ್ಲಿ ಜಾಗ ಖಾಲಿ ಮಾಡಿ. ಜನ ಗುಂಪು ಸೇರದಂತೆ ತಡೆಯಲು ಆಗ ಇದ್ದ ಸಿಆರ್‌ಪಿಸಿ 144ನೇ ಕಲಮನ್ನು ಮುಂಬೈನಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಜಮಾವಬಂದಿ ಅಂತಲೇ.

ಬೈಂದೂರಿನ ಹುಡುಗ ವೃತ್ತ ಬಿಟ್ಟು ಕದಲಲಿಲ್ಲ. ಹೋಟೆಲಿನಲ್ಲಿ ಕಲಿತ ಮರಾಠಿಯಲ್ಲಿ, ಕೈ ಮುಗಿದೇ ಕೇಳಿದ: "ಸಾಹೇಬ್, ನಿನ್ನೆ ಇದೇ ವೃತ್ತದಲ್ಲಿ ಈರುಳ್ಳಿಗೆ ನಿಂತಿದ್ದೆ. ಆಗ ನೂರು ಜನ ಇದ್ದರು. ನೀವೇ ಸಾಲು ಸರಿಮಾಡಿದಿರಿ. ಇವತ್ತು ಒಂದು ಅರ್ಜಿ ಹಿಡಿದು ನಿಂತರೆ ಅಪರಾಧವಾ?"

ಸಾಹೇಬರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಅಂದ ಮಾತು ನನಗೆ ಇವತ್ತಿಗೂ ನೆನಪಿದೆ. "ನನ್ನ ಠಾಣೆಯ ಮೂವರು ಕ್ವಾರಂಟೈನ್‌ನಲ್ಲಿದ್ದಾರೆ. ಒಬ್ಬ ಹವಾಲ್ದಾರ್ ಆಕ್ಸಿಜನ್ ಮೇಲಿದ್ದಾನೆ. ನಿಮ್ಮಲ್ಲಿ ಒಬ್ಬನಿಗಿದ್ದರೂ ನಾಳೆ ನಾನು ಯಾರನ್ನು ಎಲ್ಲಿ ಹುಡುಕಲಿ?"

ಅದು ನೆಪ ಅಲ್ಲ. ಆ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಜಾಸ್ತಿ ಪೊಲೀಸರಿಗೆ ಸೋಂಕು ತಗುಲಿತ್ತು. 55 ದಾಟಿದವರು ಮನೆಯಲ್ಲೇ ಇರಿ ಅಂತ ಮುಂಬೈ ಪೊಲೀಸ್ ಇಲಾಖೆ ಹೇಳಿತ್ತು. ಆಸ್ಪತ್ರೆಯಲ್ಲಿ ಬೆಡ್ ಸಿಗದೆ ಜನ ಆಂಬುಲೆನ್ಸಿನಲ್ಲೇ ಕಾಯುತ್ತಿದ್ದ ದಿನಗಳು. ಈರುಳ್ಳಿ ಸಾಲು ಹತ್ತು ನಿಮಿಷಕ್ಕೆ ಕರಗುತ್ತದೆ. ಸಭೆ ಹಾಗಲ್ಲ. ಇವತ್ತು 70 ಇದ್ದದ್ದು ವಾಟ್ಸಾಪ್‌ನಲ್ಲಿ ಫೋಟೋ ಹೋದರೆ ನಾಳೆ 700. ಆಗ ಸುಣ್ಣದ ವೃತ್ತ ಎಲ್ಲಿಂದ ಸಾಲುತ್ತದೆ?

ಲಾಠಿ ಎತ್ತಲಿಲ್ಲ. ಅದಕ್ಕೆ ನಾನು ಋಣಿ. ಮುಂದಿನ ಸಾಲಿನ ಐದು ಜನರ ಹೆಸರು ಬರೆದುಕೊಂಡರು. ಹಾಳೆಯನ್ನು ಕೈಯಲ್ಲಿ ಮುಟ್ಟದೆ ಪ್ಲಾಸ್ಟಿಕ್ ಕವರಿಗೆ ಹಾಕಿಸಿಕೊಂಡರು. ಅರ್ಧ ಗಂಟೆಯಲ್ಲಿ ಮೈದಾನ ಖಾಲಿ. ಸಂಜೆ ಗೊತ್ತಾಯಿತು, ಐವರ ಮೇಲೆ ಆಗಿನ ಐಪಿಸಿ 188ರಲ್ಲಿ ಕೇಸು. ಸರ್ಕಾರಿ ಆದೇಶ ಮೀರಿದ್ದಕ್ಕೆ, ಜನರ ಜೀವಕ್ಕೆ ಅಪಾಯವಾಗುವಂತಿದ್ದರೆ ಆರು ತಿಂಗಳವರೆಗೆ ಜೈಲು ಕೊಡಬಹುದಾಗಿದ್ದ ಕಲಮು.

ಆವತ್ತು ರಾತ್ರಿ ಕಾನೂನು ಓದಿದೆ

ವಕೀಲ ನಾನಲ್ಲ. ಆದರೂ ಐವರ ಹೆಸರು ಕೇಸಿಗೆ ಹೋಗಿತ್ತು, ಹಾಗಾಗಿ ಓದಲೇಬೇಕಾಯಿತು.

ಸಂವಿಧಾನದ 19(1)(ಬಿ) ಆಯುಧವಿಲ್ಲದೆ ಶಾಂತವಾಗಿ ಸೇರುವ ಹಕ್ಕು ಕೊಡುತ್ತದೆ. ಅದಕ್ಕೆ ಮಿತಿ ಹಾಕುವುದು 19(3). ಅಲ್ಲಿ ಇರುವುದು ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಸಾರ್ವಜನಿಕ ಸುವ್ಯವಸ್ಥೆ, ಇಷ್ಟೇ. ಆರೋಗ್ಯ ಅನ್ನುವ ಪದ ಇಲ್ಲ! ಅದೇ 25ನೇ ವಿಧಿಗೆ ಹೋಗಿ, ಧರ್ಮದ ಸ್ವಾತಂತ್ರ್ಯದ ಜಾಗದಲ್ಲಿ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮೂರೂ ಇವೆ. ಅಂದರೆ ದೇವಸ್ಥಾನದ ಬಾಗಿಲು ಮುಚ್ಚಿಸಲು ಸಂವಿಧಾನವೇ ಆರೋಗ್ಯದ ಹೆಸರು ಹೇಳುತ್ತದೆ. ಸಭೆ ನಿಲ್ಲಿಸಲು ಮಾತ್ರ ಆರೋಗ್ಯವನ್ನು ಸುವ್ಯವಸ್ಥೆಯ ಒಳಗೆ ಸೇರಿಸಿ ಓದಬೇಕು. ಹಾಗೆ ಓದುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಸಾಂಕ್ರಾಮಿಕ ರೋಗ ಊರಿನ ವ್ಯವಸ್ಥೆಯನ್ನೇ ಕೆಡಿಸುತ್ತದೆ, ನಿಜ. ಆದರೆ ಪದವನ್ನು ಹಿಗ್ಗಿಸಿ ಹಕ್ಕು ಕಿತ್ತುಕೊಳ್ಳುವಾಗ ಕೈ ಇನ್ನೂ ಹಗುರವಾಗಿರಬೇಕು, ಅಲ್ವಾ?

ಅದೇ ವರ್ಷ ಜನವರಿ 10ರಂದು, ಲಾಕ್‌ಡೌನ್‌ಗೆ ಹತ್ತು ವಾರ ಮೊದಲು, ಸುಪ್ರೀಂ ಕೋರ್ಟ್ ಕಾಶ್ಮೀರದ ನಿರ್ಬಂಧಗಳ ಕುರಿತ ಅನುರಾಧಾ ಭಾಸಿನ್ ಪ್ರಕರಣದಲ್ಲಿ 144ರ ಬಗ್ಗೆ ಹೇಳಿತ್ತು. ನ್ಯಾಯವಾದ ಅಭಿಪ್ರಾಯ, ಅಹವಾಲು ಹೇಳುವುದನ್ನು ಅಡಗಿಸಲು ಅದನ್ನು ಬಳಸಬಾರದು. ಆದೇಶದಲ್ಲಿ ಕಾರಣ ಇರಬೇಕು, ಇರುವ ದಾರಿಗಳಲ್ಲಿ ಹಕ್ಕಿಗೆ ಕಡಿಮೆ ಪೆಟ್ಟು ಬೀಳುವುದನ್ನೇ ಆರಿಸಬೇಕು. ಅಹವಾಲು ಅನ್ನುವ ಪದ ನೋಡಿದಾಗ ನನಗೆ ಆ ಮಡಚಿದ ಹಾಳೆ ನೆನಪಾಯಿತು.

ಆಗ ಜಾರಿಯಲ್ಲಿದ್ದ ಕೇಂದ್ರದ ಲಾಕ್‌ಡೌನ್ ನಿಯಮವನ್ನೂ ತೆಗೆದು ನೋಡಿದೆ. ಮದುವೆಗೆ 50 ಜನ. ಅಂತ್ಯಕ್ರಿಯೆಗೆ 20 ಜನ. ಸಾಮಾಜಿಕ, ರಾಜಕೀಯ, ಧಾರ್ಮಿಕ ಮತ್ತು ಇತರ ಎಲ್ಲ ಕೂಟಗಳಿಗೆ ನಿಷೇಧ. ಸಂತೋಷಕ್ಕೆ ಒಂದು ಸಂಖ್ಯೆ ಇದೆ, ದುಃಖಕ್ಕೆ ಒಂದು ಸಂಖ್ಯೆ ಇದೆ. ದೂರು ಹೇಳಿಕೊಳ್ಳುವುದಕ್ಕೆ ಸೊನ್ನೆ. ಈ ಪ್ರಕರಣದಲ್ಲಿ ತಪ್ಪಿದ್ದು ಇಲ್ಲೇ ಅಂತ ನನ್ನ ನಂಬಿಕೆ. ಗುಂಪನ್ನು ಚದುರಿಸಿದ್ದು ತಪ್ಪಲ್ಲ. 50 ಜನರ ಮದುವೆಯಿಂದ ಹರಡುವ ರೋಗ, 20 ಜನರ ಅಹವಾಲಿನಿಂದ ಹರಡುವುದಕ್ಕಿಂತ ಕಡಿಮೆ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ಮದುವೆಯಲ್ಲಿ ಊಟ ಇರುತ್ತದೆ, ಮಾಸ್ಕ್ ತೆಗೆಯುತ್ತಾರೆ. ಮೈದಾನದಲ್ಲಿ ಗಾಳಿ ಇರುತ್ತದೆ.

ಬೇರೆ ದೇಶಗಳಲ್ಲಿ ಅದೇ ಹೊತ್ತಿಗೆ ಏನಾಗಿತ್ತು ಅಂತ ಆಮೇಲೆ ತಿಳಿಯಿತು. ಏಪ್ರಿಲ್ 15ರಂದು ಜರ್ಮನಿಯ ಸಂವಿಧಾನ ನ್ಯಾಯಾಲಯ ಗೀಸನ್ ನಗರದ ಒಂದು ಪ್ರತಿಭಟನೆಯ ವಿಷಯದಲ್ಲಿ ನಗರಾಡಳಿತವನ್ನು ತಪ್ಪು ಅಂದಿತ್ತು. ನಿಯಮ ಎಲ್ಲ ಸಭೆಯನ್ನೂ ನಿಷೇಧಿಸಿದೆ ಅಂದುಕೊಂಡು ಬಿಟ್ಟರೆ ಆಗಲಿಲ್ಲ, ಈ ಸಭೆಯ ಅಪಾಯ ಎಷ್ಟು ಅಂತ ನೋಡಿ ಮತ್ತೆ ನಿರ್ಧರಿಸಿ ಅಂತ. ಏಪ್ರಿಲ್ 19ರಂದು ಟೆಲ್ ಅವೀವ್‌ನ ರಾಬಿನ್ ಚೌಕದಲ್ಲಿ ಸಾವಿರಾರು ಜನ ಎರಡು ಮೀಟರ್ ಅಂತರದ ಗುರುತುಗಳ ಮೇಲೆ ನಿಂತು ಸರ್ಕಾರದ ವಿರುದ್ಧ ಪ್ರತಿಭಟಿಸಿದ್ದರು. ನಮ್ಮ ಬೈಂದೂರಿನ ಹುಡುಗನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನಿಗೆ ತೋರಿದ್ದೂ ಅದೇ ಉಪಾಯ.

ಇನ್ನೂ ಹಿಂದಕ್ಕೆ ಹೋದರೆ ಈ ಊರಿನದ್ದೇ ಕಥೆ. ಆಗ ಕೈಯಲ್ಲಿದ್ದ ಮುಖ್ಯ ಕಾನೂನುಗಳಲ್ಲಿ ಒಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. 1896ರಲ್ಲಿ ಮುಂಬೈನ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿತು, ಅದನ್ನು ಮೊದಲು ಗುರುತಿಸಿದ್ದು ಗೋವಾ ಮೂಲದ ಡಾಕ್ಟರ್ ಅಕಾಸಿಯೋ ವಿಯೆಗಾಸ್. ಮರುವರ್ಷವೇ ಕಾಯ್ದೆ ಬಂತು. ಆಗ ಅದರಲ್ಲಿ ಇದ್ದದ್ದು ನಾಲ್ಕೇ ಕಲಮು. ಸರ್ಕಾರ ಏನು ಬೇಕಾದರೂ ಕ್ರಮ ತೆಗೆದುಕೊಳ್ಳಬಹುದು, ಮೀರಿದವರಿಗೆ 188ರ ಶಿಕ್ಷೆ, ಅಧಿಕಾರಿಗಳ ಮೇಲೆ ದಾವೆ ಹಾಕುವಂತಿಲ್ಲ. ಜನ ಕಷ್ಟ ಎಲ್ಲಿ ಹೇಳಿಕೊಳ್ಳಬೇಕು ಅಂತ ಒಂದು ಸಾಲೂ ಇಲ್ಲ. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಸಿಪಾಯಿಗಳು ಮನೆಮನೆಗೆ ನುಗ್ಗಿದರು, ಜನ ಕೊಟ್ಟ ಅರ್ಜಿಗಳನ್ನು ಕೇಳುವವರಿರಲಿಲ್ಲ. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್‌ಗೆ ಗುಂಡು ಹೊಡೆದರು. ಕೊಲೆಯನ್ನು ನಾನು ಸಮರ್ಥಿಸುವುದಿಲ್ಲ. ಅಹವಾಲಿಗೆ ಬಾಗಿಲೇ ಇಲ್ಲದ ಕಾನೂನು ಪ್ಲೇಗಿನ ಜೊತೆ ಭಯವನ್ನೂ ಸಿಟ್ಟನ್ನೂ ಬೆಳೆಸಿತು. 123 ವರ್ಷ ಆದ ಮೇಲೂ ಆ ಬಾಗಿಲನ್ನು ಯಾರೂ ಇಟ್ಟಿರಲಿಲ್ಲ.

ಸಂಜೆ ಐದರ ಬೋರ್ಡು

ಮರುದಿನ ಸಾಹೇಬರ ಹತ್ತಿರ ಹೋದೆ. ಬಾಗಿಲ ಹೊರಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೇಸು ತೆಗೆಯಲು ಆಗುವುದಿಲ್ಲ ಅಂದರು. ನಾನು ಕೇಸಿನ ಮಾತು ಬಿಟ್ಟೆ. "ಜಮಾವಬಂದಿಯಲ್ಲಿ ನಾಲ್ಕು ಜನಕ್ಕೆ ಅಡ್ಡಿ ಇಲ್ಲ ತಾನೇ? ದಿನಾ ಸಂಜೆ ಐದಕ್ಕೆ ನಾಲ್ಕು ಜನ ಗೇಟಿನ ಹತ್ತಿರ ಬರ್ತಾರೆ. ಲಿಸ್ಟ್ ಎಲ್ಲಿಗೆ ಹೋಗಿದೆ, ಏನಾಗಿದೆ ಅಂತ ಒಂದು ಬೋರ್ಡಿನಲ್ಲಿ ಬರೆಸಿ. ಏನೂ ಆಗಿಲ್ಲದಿದ್ದರೆ ಏನೂ ಆಗಿಲ್ಲ ಅಂತ ಬರೆಸಿ. ಅಷ್ಟು ಸಾಕು."

ಯೋಚಿಸಿ ಒಪ್ಪಿದರು. ಶಾಲೆಯ ಕರಿಹಲಗೆಯೊಂದನ್ನು ಗೇಟಿಗೆ ತಂತಿಯಲ್ಲಿ ಕಟ್ಟಿಸಿದರು. ಮೊದಲ ಮೂರು ದಿನ ಅದರಲ್ಲಿ ಇದ್ದದ್ದು ಒಂದೇ ಸಾಲು: ಕರ್ನಾಟಕದಿಂದ ಒಪ್ಪಿಗೆ ಬಂದಿಲ್ಲ. ನಾಲ್ವರು ಅದರ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಿದ್ದರು. ಅಷ್ಟಕ್ಕೇ ಅಟ್ಟಗಳಲ್ಲಿ ಸಮಾಧಾನ ಬಂತು ಅಂದರೆ ನಂಬಬೇಕು. ಆಮೇಲೆ ಯಾರೂ ಮೈದಾನಕ್ಕೆ ಬರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾರೆ. ಆ ಬೋರ್ಡು ಸಿಕ್ಕಿದ್ದು 70 ಜನ ನಿಂತಿದ್ದರಿಂದ. ಎರಡು ವಾರ ನಾನು ಒಬ್ಬನೇ ಅಲೆದಾಗ ಸಿಗಲಿಲ್ಲ. ನಾನು ಬೇಡ ಅಂದದ್ದನ್ನೇ ಅವರು ಮಾಡಿದ್ದಕ್ಕೆ ಸಿಕ್ಕಿತು. ದುಡ್ಡಿದ್ದವರು ಫೋನಿನಲ್ಲಿ ಕೆಲಸ ಮಾಡಿಸಿಕೊಳ್ಳುತ್ತಾರೆ. ಇವರ ಹತ್ತಿರ ಇದ್ದದ್ದು ತಲೆಗಳ ಎಣಿಕೆ ಒಂದೇ.

ಮೇ 28ರ ಹೊತ್ತಿಗೆ ಆ 14 ಜನರ ಅಟ್ಟದಲ್ಲಿ ನಾಲ್ವರಿಗೆ ಜ್ವರ ಬಂತು. ಟೆಸ್ಟ್ ಪಾಸಿಟಿವ್. ಭಟ್ಟಿ ಕೆಲಸದ ಹಿರಿಯರೊಬ್ಬರಿಗೆ ಉಸಿರಾಟದ ತೊಂದರೆಯಾಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಗುಣವಾದರು. ಹವಾಲ್ದಾರರೊಬ್ಬರು 'ನೋಡಿ, ನಿಮ್ಮ ಸಭೆಯ ಫಲ' ಅಂದರು. ನನಗೂ ಎದೆ ಧಸಕ್ಕೆಂದಿತು. ವಿಚಾರಿಸಿದರೆ ಆ ನಾಲ್ವರಲ್ಲಿ ಇಬ್ಬರು ಮೈದಾನಕ್ಕೆ ಬಂದೇ ಇರಲಿಲ್ಲ. ನಾಲ್ವರದ್ದೂ ಒಂದೇ ಮೂಲೆಯ ಚಾಪೆಗಳು. ಎಲ್ಲಿಂದ ಬಂತು ಅಂತ ಯಾರೂ ಖಚಿತವಾಗಿ ಹೇಳಲಾರರು, ನಾನೂ ಹೇಳುವುದಿಲ್ಲ.

ಆದರೆ ಜುಲೈನಲ್ಲಿ ಮುಂಬೈನ ಮಾಟುಂಗಾ, ಚೆಂಬೂರು, ದಹಿಸರ್ ಕಡೆಯ ಮೂರು ವಾರ್ಡುಗಳ ರಕ್ತಪರೀಕ್ಷೆಯ ಸಮೀಕ್ಷೆ ಹೊರಗೆ ಬಂದಾಗ ನನಗೆ ಆ ಅಟ್ಟ ಕಣ್ಣ ಮುಂದೆ ಬಂತು. ಕೊಳೆಗೇರಿಗಳಲ್ಲಿ ಶೇ. 57 ಜನರಿಗೆ ಆಗಲೇ ಸೋಂಕು ಬಂದುಹೋಗಿತ್ತು. ಉಳಿದ ಕಡೆ ಶೇ. 16. ಎರಡೂ ಕಡೆ ಜಮಾವಬಂದಿ ಒಂದೇ ಆಗಿತ್ತು. ಬೀದಿಯಲ್ಲಿ ಐದು ಜನ ಸೇರಿದ್ದನ್ನು ಎಣಿಸಿದರು. ಒಂದು ಕೋಣೆಯಲ್ಲಿ ಹತ್ತು, ಹದಿನಾಲ್ಕು ಜನ ಮಲಗಿದ್ದನ್ನು ಯಾರೂ ಎಣಿಸಲಿಲ್ಲ. ಆ ಹುಡುಗರು ಮೈದಾನಕ್ಕೆ ಬಂದು ಕೇಳಿದ್ದು ಅದನ್ನೇ, ನಮ್ಮನ್ನು ಈ ಅಟ್ಟದಿಂದ ಬಿಡಿಸಿ ಅಂತ. ಆರೋಗ್ಯದ ಹೆಸರಲ್ಲಿ ನಿಲ್ಲಿಸಿದ ಆ ಅಹವಾಲೇ ಆರೋಗ್ಯದ ಅಹವಾಲಾಗಿತ್ತು.

ಕರ್ನಾಟಕದ ಬಾಗಿಲು ಜೂನ್‌ನಲ್ಲಿ ತೆರೆಯಿತು. ಪಾಸು ಸಿಕ್ಕವರು ಸೀಟು ಬಿಟ್ಟು ಸೀಟು ಕೂತು ಬಸ್ಸಿನಲ್ಲಿ ಹೊರಟರು. ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟ್‌ನಲ್ಲಿ ಗಂಟೆಗಟ್ಟಲೆ ಕಾದು, ಊರಿನಲ್ಲಿ ಕ್ವಾರಂಟೈನ್ ಮುಗಿಸಿ ಮನೆ ಸೇರಿದರು.

ಉಳಿದವರಿಗೆ ಸಿಕ್ಕ ಸಂಖ್ಯೆಗಳು

ಆಗಸ್ಟ್‌ನಲ್ಲಿ ಹಬ್ಬಗಳು ಬಂದವು. ಆಗ ಸರ್ಕಾರವೂ ಕೋರ್ಟುಗಳೂ ಅಳತೆ ಕೊಡಲು ಕಲಿತಿದ್ದವು. ಸಾರ್ವಜನಿಕ ಗಣಪತಿ ನಾಲ್ಕಡಿ, ಮನೆಯದ್ದು ಎರಡಡಿ ಮೀರಬಾರದು. ಲಾಲ್‌ಬಾಗ್ ಚಾ ರಾಜಾ ಮಂಡಲದವರು ಮೂರ್ತಿಯನ್ನೇ ಕೂರಿಸದೆ ರಕ್ತದಾನ, ಪ್ಲಾಸ್ಮಾ ದಾನದ ಆರೋಗ್ಯ ಉತ್ಸವ ಮಾಡಿದರು. ಸ್ವಂತ ಮನಸ್ಸಿನಿಂದ ಬಿಟ್ಟುಕೊಟ್ಟದ್ದಕ್ಕೆ ಇರುವ ಬೆಲೆಯೇ ಬೇರೆ. ಪರ್ಯೂಷಣದ ಕೊನೆಯ ದಿನಗಳಿಗೆ ದಾದರ್, ಭಾಯ್ಖಳಾ, ಚೆಂಬೂರಿನ ಮೂರು ಜೈನ ಮಂದಿರಗಳನ್ನು ತೆರೆಯಲು ಸುಪ್ರೀಂ ಕೋರ್ಟ್ ಒಪ್ಪಿತು. ಮೊಹರಂ ಮೆರವಣಿಗೆಗೆ ಬಾಂಬೆ ಹೈಕೋರ್ಟ್ ಒಂದು ಟ್ರಕ್ಕು, ಐದು ಜನ ಅಂದಿತು.

ಒಂದು ಟ್ರಕ್ಕು, ಐದು ಜನ. ಓದಿದಾಗ ನನಗೆ ಖುಷಿಯಾಯಿತು, ಬೇಸರವೂ ಆಯಿತು. ಸೊನ್ನೆಗೂ ಸಾವಿರಕ್ಕೂ ನಡುವೆ ಜಾಗ ಇದೆ ಅಂತ ಕೊನೆಗೂ ಯಾರೋ ಹೇಳಿದರು. ಆದರೆ ಕೋರ್ಟಿಗೆ ಹೋಗಲು ಶಕ್ತಿ ಇದ್ದವರು ಆ ಜಾಗ ಪಡೆದರು. ಅಟ್ಟದಲ್ಲಿದ್ದವರಿಗೆ ವಕೀಲರು ಎಲ್ಲಿಂದ ಬರಬೇಕು?

2021ರ ಏಪ್ರಿಲ್ 14, ರಾತ್ರಿ ಎಂಟು ಗಂಟೆಗೆ ರಾಜ್ಯಕ್ಕೆಲ್ಲ ಮತ್ತೆ ಜಮಾವಬಂದಿ. ಹೋಟೆಲುಗಳಲ್ಲಿ ಪಾರ್ಸೆಲ್ ಮಾತ್ರ. ಆ ಹೊತ್ತಿಗೆ ಬೈಂದೂರಿನ ಹುಡುಗ ಮುಂಬೈಗೆ ವಾಪಸ್ ಬಂದು ಗಲ್ಲಾದಲ್ಲಿ ಕೂತಿದ್ದ. ಅವನ ಮೇಲಿನ ಕೇಸು ಹಾಗೇ ಇತ್ತು. ಫೋನ್ ಮಾಡಿದ.

"ಅಣ್ಣ, ಈ ಸಲ ಸಂಜೆ ಐದರ ಬೋರ್ಡು ಇರ್ತದಾ?"

ಠಾಣೆಗೆ ಹೋಗಿ ನೋಡಿದೆ. ಗೇಟಿನಲ್ಲಿ ತಂತಿ ಮಾತ್ರ ಉಳಿದಿತ್ತು. ಹಳೆಯ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರಿಗೆ ಆ ಬೋರ್ಡಿನ ವಿಷಯ ಗೊತ್ತಿರಲಿಲ್ಲ. ಹೋದ ವರ್ಷ ಮಾಡಿದ್ದು ಯಾವ ಆದೇಶದಲ್ಲೂ ಇಲ್ಲ, ಬರವಣಿಗೆಯಲ್ಲಿ ಕೊಡಿ ಅಂದರು.

ಮರುದಿನ ಅರ್ಜಿ ಬರೆದುಕೊಂಡು ಹೋದೆ. ಕೆಳಗೆ ನಾಲ್ಕು ಹೆಸರು, ನಾಲ್ಕು ಫೋನ್ ನಂಬರ್. ಮೊದಲನೆಯದು ಬೈಂದೂರಿನ ಹುಡುಗನದ್ದು. ಬೇಡ, ನಿನ್ನ ಮೇಲೆ ಆಗಲೇ ಒಂದು ಕೇಸಿದೆ ಅಂದಿದ್ದೆ. "ಇರ್ಲಿ ಅಣ್ಣ, ಬರೀರಿ" ಅಂದ.